ಕಚ್ಚಿದ ಕೀಲು: ದುರ್ಗ ಸೀಮೆಯ ಟ್ರೇಲರ್ ಪಿನ್ನಿನ ವಿಮೋಚನಾ ಮೀಮಾಂಸೆ

ನಾಯಕ ಅರಸರ ವಂಶಾವಳಿ, ಏಳು ಸುತ್ತಿನ ಕೋಟೆ, ಚಂದ್ರವಳ್ಳಿಯ ಮಯೂರಶರ್ಮನ ಬಂಡೆಶಾಸನ, ಇವುಗಳ ಮೇಲೆ ಬಂದಿರುವ ಪ್ರಬಂಧಗಳನ್ನು ಹೊರಲು ಒಂದು ಟ್ರ್ಯಾಕ್ಟರ್ ಸಾಲದು. ಆದರೆ ಆ ಟ್ರ್ಯಾಕ್ಟರನ್ನೂ ಅದರ ಹಿಂದಿನ ಟ್ರೇಲರನ್ನೂ ಕೂಡಿಸುವ ಗೇಣುದ್ದದ ಕಬ್ಬಿಣದ ಮೇಲೆ ವಿದ್ವತ್ ಲೋಕ ಒಂದು ಅಡಿಟಿಪ್ಪಣಿಯನ್ನೂ ಖರ್ಚು ಮಾಡಿದಂತಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ವೆಲ್ಡಿಂಗ್ ಅಂಗಡಿಗಳ ಮುಂದಿನ ಕಲ್ಲುಬೆಂಚಿನ ಮೇಲೆ ಕೂತು, ಲೆಕ್ಕವಿಲ್ಲದಷ್ಟು ಟೀ ಕುಡಿದು ಸಿದ್ಧಪಡಿಸಿದ ಈ ಪ್ರಬಂಧ ಆ ಕೊರತೆಯನ್ನು ತುಂಬೀತೆಂದು ಲೇಖಕನ ನಮ್ರ ನಂಬಿಕೆ. ನಮ್ರತೆ ಇಲ್ಲಿಗೆ ಮುಗಿಯಿತು.

ಮೊದಲು ಲಕ್ಷಣ. ಯಾವುದನ್ನು ಹಾಕಲು ಒಂದು ಕೈ ಸಾಕೋ, ತೆಗೆಯಲು ಊರೇ ಬೇಕೋ ಅದು ಕೀಲು. ಟ್ರೇಲರಿನ ಮೂತಿಯಲ್ಲಿ ಒಂದು ದಪ್ಪ ಬಳೆ ಇರುತ್ತದೆ. ಅದನ್ನು ಟ್ರ್ಯಾಕ್ಟರಿನ ಹುಕ್ಕಿನ ಎರಡು ದವಡೆಗಳ ನಡುವೆ ತಂದು, ಮೂರೂ ತೂತು ಒಂದೇ ನೇರಕ್ಕೆ ಬಂದಾಗ ಮೇಲಿಂದ ಪಿನ್ನನ್ನು ಇಳಿಬಿಟ್ಟರೆ ಸಂಬಂಧ ಕುದುರಿತು. ಮೂರು ತೂತು ನೇರಕ್ಕೆ ಬರುವುದು ಮೂರು ಪಕ್ಷ ಒಂದಾದಷ್ಟೇ ಅಪರೂಪದ ಯೋಗವಾದ್ದರಿಂದ, ಒಮ್ಮೆ ಕೂತ ಪಿನ್ನನ್ನು ತೆಗೆಯಲು ಯಾರಿಗೂ ಮನಸ್ಸು ಬಾರದು. ಎಲ್ಲ ಅನಾಹುತದ ಬೀಜ ಇಲ್ಲಿದೆ.

ತೌಲನಿಕ ಅಧ್ಯಯನ ಇಲ್ಲದ ಪ್ರಬಂಧಕ್ಕೆ ಬೆಲೆಯಿಲ್ಲವಾದ್ದರಿಂದ ಹೊರದೇಶದ ಮಾತನ್ನೂ ಆಡಿಬಿಡುತ್ತೇನೆ. ಪಶ್ಚಿಮದವರು ಕಾರಿನ ಹಿಂದೆ ಗಾಡಿ ಕಟ್ಟುವಾಗ ಕೀಲಿನ ಬದಲು ಉಕ್ಕಿನ ಚೆಂಡು ಬಳಸುತ್ತಾರೆ. ಯುರೋಪಿನಲ್ಲಿ ಅದರ ಅಡ್ಡಳತೆ 50 ಮಿಲಿಮೀಟರ್, ಅಮೆರಿಕದಲ್ಲಿ ಹೆಚ್ಚಾಗಿ 2 ಇಂಚು. ಚೆಂಡಿನ ಕಾಲಿಗೆ ಕೆಳಗಿನಿಂದ ನಟ್ಟು ಬಿಗಿದಿರುತ್ತಾರೆ. ಅಲ್ಲಿಯ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಉಪ್ಪು ತಿಂದ ನಟ್ಟು ತುಕ್ಕು ಕಕ್ಕುತ್ತದೆ. ಆಮೇಲೆ ನಟ್ಟಿಗೆ ಪಾನಾ ಹಾಕಿ ತಿರುಗಿಸಿದರೆ ಮೇಲಿನ ಚೆಂಡೂ "ನಾನೂ ಬರ್ತೀನಿ" ಎಂದು ಜೊತೆಗೇ ತಿರುಗುತ್ತದೆ. ಒಬ್ಬ ಚೆಂಡನ್ನು ಪೈಪ್ ಪಾನಾದಲ್ಲಿ ಹಿಡಿದು ನಿಲ್ಲಬೇಕು, ಇನ್ನೊಬ್ಬ ಕೆಳಗೆ ಮಲಗಿ ನಟ್ಟನ್ನು ತಿರುವಬೇಕು. ಇಷ್ಟು ದೊಡ್ಡ ದೇಶಗಳಲ್ಲೂ ಎರಡನೇ ಆಳು ಸಿಗುವುದು ಕಷ್ಟವಂತೆ. ನಮ್ಮಲ್ಲಿ ಆ ತೊಂದರೆ ಇಲ್ಲ. ಪಿನ್ನು ಕಚ್ಚಿದೆ ಎಂಬ ಸುದ್ದಿ ಹಬ್ಬಿದರೆ ಸಾಕು, ಆಳುಗಳು ತಾವಾಗಿ ಬರುತ್ತಾರೆ. ಕೆಲಸಕ್ಕಲ್ಲ, ಅಭಿಪ್ರಾಯಕ್ಕೆ.

ಇನ್ನು ಶಬ್ದಶಾಸ್ತ್ರ. ಕೀಲು ಎಂದರೆ ಮೊಳೆ, ಕೀಲು ಎಂದರೆ ಮಂಡಿಯ ಸಂದು. ಕೀಲಿ ಎಂದರೆ ಬೀಗದ ಕೈ. ಅಂದರೆ ಬಿಗಿಯುವುದಕ್ಕೂ ಬಿಚ್ಚುವುದಕ್ಕೂ ನಮ್ಮ ಹಿರಿಯರು ಒಂದೇ ಬೇರಿನ ಪದ ಇಟ್ಟರು. ಯಾವಾಗ ಯಾವುದು ಎಂಬ ವಿವೇಚನೆಯನ್ನು ನಮಗೆ ಬಿಟ್ಟರು. ಆದ್ಯ ವಚನಕಾರನೆನಿಸಿದ ಜೇಡರ ದಾಸಿಮಯ್ಯ ಬಂಡಿಯ ಕಡೆಗೀಲನ್ನೇ ಹಿಡಿದು ಒಂದು ವಚನ ಹೇಳಿದ್ದಾನೆ. ಅಚ್ಚಿನ ತುದಿಯ ಆ ಕಡಾಣಿ ಬಿದ್ದರೆ ಗಾಲಿ ಕಳಚಿ ಬಂಡಿ ಮಗುಚುತ್ತದೆಂಬುದು ಅವನ ಕಾಲದ ಚಿಂತೆ. ಕೀಲು ಬೀಳುವುದೇ ಇಲ್ಲವೆಂಬುದು ನಮ್ಮ ಕಾಲದ ಚಿಂತೆ. ಇಷ್ಟು ಶತಮಾನಗಳಲ್ಲಿ ಆದ ಪ್ರಗತಿಯನ್ನು ಓದುಗರೇ ಅಳೆಯಬಹುದು. ವ್ಯತ್ಯಾಸಕ್ಕೆ ಕಾರಣವೂ ಇದೆ. ಎತ್ತಿನ ಗಾಡಿಯ ಮೂಕಿಗೆ ನೇತುಹಾಕಿದ ಬಿದಿರಿನ ಗೊಟ್ಟದಲ್ಲಿ ಕೀಲೆಣ್ಣೆ ಸದಾ ಇರುತ್ತಿತ್ತು, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಕರೀ ಮುದ್ದೆ. ಟ್ರ್ಯಾಕ್ಟರಿನಲ್ಲಿ ಆ ಗೊಟ್ಟದ ಜಾಗಕ್ಕೆ ಈಗ ಸ್ಪೀಕರ್ ಬಂದಿದೆ.

ಟೂ ವೀಲರ್, ಫೋರ್ ವೀಲರ್ ಎಲ್ಲರಿಗೂ ಗೊತ್ತು. ಮಾರ್ಟಿಮರ್ ವೀಲರ್ ಗೊತ್ತಿರುವವರು ಕಡಿಮೆ. 1947ರಲ್ಲಿ ಇದೇ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಅಗೆದು ನೋಡಿದ ಪುರಾತತ್ತ್ವಜ್ಞ ಅವರು. ಬ್ರಹ್ಮಗಿರಿಯ ಮಣ್ಣಿನಲ್ಲಿ ಅವರು ಮೂರು ಸಂಸ್ಕೃತಿಗಳ ಪದರ ಗುರುತಿಸಿದರು: ಕೆಳಗೆ ಕಲ್ಲುಕೊಡಲಿಯವರು, ನಡುವೆ ಕಬ್ಬಿಣ ಬಲ್ಲ ಬೃಹತ್ ಶಿಲಾಗೋರಿಯವರು, ಮೇಲೆ ಆಂಧ್ರರು. ಅದೇ ಕ್ರಮದಲ್ಲಿ ನಾನು ಕೀಲಿನ ತಲೆಯನ್ನು ಚಾಕುವಿನಿಂದ ಕೆರೆದಾಗ ನಾಲ್ಕು ಪದರ ಸಿಕ್ಕವು. ಮೇಲೆ ಹಳ್ಳದ ಗೋಡುಮಣ್ಣು, ಅದರಡಿ ಈರುಳ್ಳಿ ಸಿಪ್ಪೆ, ಅದರಡಿ ಕಂಪನಿಯವರು ಹಚ್ಚಿದ್ದ ಮೂಲ ಗ್ರೀಸಿನ ಪಳೆಯುಳಿಕೆ, ತಳದಲ್ಲಿ ತುಕ್ಕು. ಒಂದು ವಿಷಯ ಒಪ್ಪಬೇಕು: ಈ ಜಿಲ್ಲೆಯಲ್ಲಿ ಕಬ್ಬಿಣಕ್ಕೆ ಎರಡು ಸಾವಿರ ವರ್ಷಕ್ಕೂ ಮೀರಿದ ಇತಿಹಾಸವಿದ್ದರೆ, ತುಕ್ಕಿಗೆ ಅದಕ್ಕಿಂತ ಒಂದೇ ಮಳೆಗಾಲ ಕಡಿಮೆ.

ತುಕ್ಕಿನ ಸ್ವಭಾವ ವಿಚಿತ್ರ. ಕಬ್ಬಿಣ ಕರಗಿ ತುಕ್ಕಾದರೆ ಜಾಗ ಖಾಲಿಯಾಗಬೇಕಲ್ಲ? ಆಗುವುದಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುತ್ತದೆ, ಊಟಕ್ಕೆ ಬಂದ ನೆಂಟ ಮನೆಯನ್ನೇ ಹಿಡಿದ ಹಾಗೆ. ಪಿನ್ನಿಗೂ ತೂತಿಗೂ ನಡುವೆ ಇದ್ದ ಕೂದಲೆಳೆಯ ಸಂದು ಇದರಿಂದ ತುಂಬಿ ಬಿಗಿಯುತ್ತದೆ. ಆದರೆ ತುಕ್ಕೊಂದನ್ನೇ ದೂರುವವರು ಅರೆಪಂಡಿತರು. ಮೆಕ್ಕೆಜೋಳವನ್ನೋ ಮರಳನ್ನೋ ಹೊರಬಾರದಷ್ಟು ಹೊತ್ತ ಟ್ರೇಲರು ಏರಿನಲ್ಲಿ ಜಗ್ಗಿದಾಗ ಪಿನ್ನು ಸೊಂಟದಲ್ಲಿ ಬಾಗುತ್ತದೆ. ನೆಟ್ಟಗಿನ ತೂತಿನಿಂದ ಬಾಗಿದ ಪಿನ್ನು ಮೇಲೆ ಬರುವುದೆಂತು? ಮೇಲಾಗಿ ಅದು ಪಿನ್ನೇ ಆಗಿರಬೇಕೆಂದಿಲ್ಲ. ಅಸಲಿ ಪಿನ್ನು ಎಂದೋ ಕಳೆದುಹೋಗಿ, ಗುಜರಿಯಿಂದ ತಂದ ಲಾರಿ ಬೋಲ್ಟು ಪ್ರಭಾರ ಹುದ್ದೆಯಲ್ಲಿರುತ್ತದೆ. ಪ್ರಭಾರದಲ್ಲಿ ಕೂತವರು ಎದ್ದದ್ದುಂಟೆ?

ಕಚ್ಚುವಿಕೆಯ ಹಂತಗಳನ್ನು ದರ್ಶನಶಾಸ್ತ್ರದ ನೆರವಿಲ್ಲದೆ ವಿವರಿಸುವುದು ಸಾಧ್ಯವಿಲ್ಲ. ಪಿನ್ನು ಬೇರೆ, ತೂತು ಬೇರೆ, ಎರಡೂ ಗಲಗಲ ಎನ್ನುತ್ತವೆ, ಇದು ದ್ವೈತ. ಪಿನ್ನು ತಿರುಗುತ್ತದೆ, ಮೇಲೆ ಬರುವುದಿಲ್ಲ, ಇದು ವಿಶಿಷ್ಟಾದ್ವೈತ. ಪಿನ್ನು ಯಾವುದು, ದವಡೆ ಯಾವುದು ಎಂದು ಕಣ್ಣಿಗೂ ತಿಳಿಯದು, ಅದು ಅದ್ವೈತ. ಆದರೆ ಸಿರಿಗೆರೆ, ಸಾಣೇಹಳ್ಳಿಗಳ ಈ ಸೀಮೆಯಲ್ಲಿ ಶಕ್ತಿವಿಶಿಷ್ಟಾದ್ವೈತವನ್ನು ಬಿಟ್ಟು ಮಾತು ಮುಗಿಸುವುದು ಉದ್ಧಟತನ. ಶಕ್ತಿಯಿಲ್ಲದೆ ಏನೂ ಆಗದು ಎಂಬುದನ್ನು ಸಮ್ಮಟಿಗೆ ಹಿಡಿದವರು ಎಂದಿನಿಂದಲೋ ಬಲ್ಲರು.

ವಿಮೋಚನೆಯ ಪಂಥಗಳಿಗೆ ಬರೋಣ.

ಚಿತ್ರದುರ್ಗದ್ದು ಆಘಾತಪಂಥ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿದಾಗ ಓಬವ್ವ ಕೈಗೆತ್ತಿಕೊಂಡ ಒನಕೆಯಿಂದ ಇದರ ಪರಂಪರೆ ಶುರು ಎನ್ನುತ್ತಾರೆ. ಒಪ್ಪೋಣ. ಆದರೆ ಇಂದಿನ ಅನುಯಾಯಿಗಳು ಮೂಲಪಾಠವನ್ನು ಸರಿಯಾಗಿ ಓದಿಲ್ಲ. ಒನಕೆ ಮರದ್ದು. ಇವರು ಕಬ್ಬಿಣದ ಸಮ್ಮಟಿಗೆಯಿಂದ ಪಿನ್ನಿನ ಕೆಳತುದಿಗೆ ನೇರ ಬಾರಿಸುತ್ತಾರೆ. ಹತ್ತು ಏಟಿಗೆ ತುದಿ ಅಣಬೆಯ ಹಾಗೆ ಅರಳಿ, ಮೊದಲು ತುಕ್ಕಿನಿಂದ ಸಿಕ್ಕಿಕೊಂಡದ್ದು ಈಗ ಆಕಾರದಿಂದಲೂ ಸಿಕ್ಕಿಕೊಳ್ಳುತ್ತದೆ. ನಡುವೆ ಒಂದು ಮರದ ತುಂಡನ್ನೋ, ಪಿನ್ನಿಗಿಂತ ಸಣ್ಣ ಕಂಬಿಯನ್ನೋ ಕೊಟ್ಟು ಹೊಡೆದರೆ ಈ ಗತಿ ಇಲ್ಲ. ಇನ್ನೊಂದು ಸೂಕ್ಷ್ಮ: ಓಬವ್ವ ಕೆಲಸದ ನಡುವೆ ಯಾರ ಸಲಹೆಯನ್ನೂ ಕೇಳಲಿಲ್ಲ.

ಹಿರಿಯೂರಿನದು ನೆನೆಸಿ ಕಾಯುವ ಪಂಥ. ಮಾರಿಕಣಿವೆಯ ವಾಣಿವಿಲಾಸ ಸಾಗರ 1907ರಲ್ಲಿ ಕಟ್ಟಿ ಮುಗಿಯಿತು, 1933ರಲ್ಲಿ ಕೋಡಿ ಬಿತ್ತು, ಇನ್ನೊಮ್ಮೆ ಕೋಡಿ ಬೀಳಲು 2022ರವರೆಗೆ ಕಾಯಿಸಿತು. 89 ವರ್ಷ ಕಾದವರಿಗೆ ಒಂದು ಪಿನ್ನು ಯಾವ ಲೆಕ್ಕ? ರೇಷನ್ನಿನಲ್ಲಿ ಸೀಮೆಎಣ್ಣೆ ಸಿಗುತ್ತಿದ್ದಾಗ ಅದು, ಈಗ ಡೀಸೆಲ್. ಸಂಜೆ ಸುರಿದು ಬೆಳಿಗ್ಗೆ ನೋಡುವುದು, ಮತ್ತೆ ಸುರಿಯುವುದು. ತೆಳು ಎಣ್ಣೆ ಸಂದಿನೊಳಗೆ ತಾನಾಗಿ ಇಳಿಯುತ್ತದೆಂಬುದು ಇದರ ತತ್ತ್ವ, ತತ್ತ್ವ ಸರಿಯಾಗಿಯೇ ಇದೆ. ಯುವಕರು ಮಾತ್ರ ಡಬ್ಲ್ಯುಡಿ-40 ಎಂಬ ಡಬ್ಬಿಯತ್ತ ವಾಲಿದ್ದಾರೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ನೀರನ್ನು ದೂರವಿಡುವ ದ್ರವ ಹುಡುಕುತ್ತಿದ್ದವರಿಗೆ ನಲವತ್ತನೇ ಪ್ರಯತ್ನಕ್ಕೆ ಕೂಡಿಬಂದದ್ದು ಅದು. ಅಟ್ಲಾಸ್ ಕ್ಷಿಪಣಿಯ ಮೈಗೆ ತುಕ್ಕು ಬಾರದಿರಲೆಂದು ಬಳಸಿದರು. ಕ್ಷಿಪಣಿಗೆ ಬಂದದ್ದು ಈರುಳ್ಳಿ ಟ್ರೇಲರಿಗೂ ಬಂತು. ಡಬ್ಬಿ ಕೈಗೆ ಸಿಕ್ಕಿದ ಹುಡುಗರು ಪಿನ್ನಿಗೆ ಹೊಡೆಯುವುದಕ್ಕಿಂತ ಗಾಳಿಗೆ ಹೊಡೆಯುವುದೇ ಹೆಚ್ಚು. ಮಂತ್ರಕ್ಕಿಂತ ಉಗುಳು ಜಾಸ್ತಿ.

ಹೊಸದುರ್ಗದವರು ತೆಂಗಿನಕಾಯಿ ಸುಲಿದು ಬೆಳೆದವರು, ಮೀಟುವುದರಲ್ಲಿ ನಂಬಿಕೆ. ಹಾರೆ ಬಾಗುವವರೆಗೂ ಅವರ ವಾದಕ್ಕೆ ಉತ್ತರವಿಲ್ಲ. ಹೊಳಲ್ಕೆರೆಯವರಿಗೆ ಚಿಕ್ಕಜಾಜೂರು ಜಂಕ್ಷನ್ ಹತ್ತಿರವಾದ್ದರಿಂದ ಎಳೆತದಲ್ಲಿ ನಂಬಿಕೆ.

ಈ ಎಲ್ಲ ಪಂಥಗಳಿಗಿಂತ ಹಳೆಯದು ಅಗ್ನಿಮಾರ್ಗ. ಗಾಡಿ ಗಾಲಿಗೆ ಕಬ್ಬಿಣದ ಪಟ್ಟಿ ಕೂರಿಸುವಾಗ ಕಮ್ಮಾರರು ಪಟ್ಟಿಯನ್ನು ಕುರುಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ ನೀರು ಸುರಿಯುತ್ತಿದ್ದರು. ಅದನ್ನೇ ತಿರುಗಿಸಿ ಪ್ರಯೋಗಿಸಬೇಕು. ಮೀಟರ್ ಉದ್ದದ ಉಕ್ಕು 100 ಡಿಗ್ರಿ ಹೆಚ್ಚು ಕಾದರೆ ಸುಮಾರು 1.2 ಮಿಲಿಮೀಟರ್ ಬೆಳೆಯುತ್ತದೆ. ಈ ಲೆಕ್ಕದಲ್ಲಿ 30 ಮಿಲಿಮೀಟರ್ ತೂತು 300 ಡಿಗ್ರಿಗೆ ಹಿಗ್ಗುವುದು ಮಿಲಿಮೀಟರಿನ ಹತ್ತನೇ ಒಂದು ಪಾಲು. ಸಾಕು, ತುಕ್ಕಿನ ಹಿಡಿತ ಬಿರುಕು ಬಿಡಲು ಅಷ್ಟೇ ಸಾಕು. ಕಾಯಿಸಬೇಕಾದ್ದು ದವಡೆಯನ್ನು, ಪಿನ್ನನ್ನಲ್ಲ. ಪಿನ್ನು ಕಾದರೆ ಅದೂ ಹಿಗ್ಗಿ ಇನ್ನಷ್ಟು ಬಿಗಿಯುತ್ತದೆ. ಕಬ್ಬಿಣ ಹಿಗ್ಗಿದರೆ ತೂತು ಕಿರಿದಾಗಬೇಕಲ್ಲವೇ ಎಂದು ಪೂರ್ವಪಕ್ಷಿಗಳು ಕೇಳುತ್ತಾರೆ. ಇಲ್ಲ, ತೂತೂ ದೊಡ್ಡದಾಗುತ್ತದೆ. ಏನೂ ಇಲ್ಲದ ಜಾಗ ಕಾದು ಬೆಳೆಯುವ ಈ ವಿದ್ಯಮಾನವನ್ನು ಶೂನ್ಯಸಂಪಾದನೆ ಎಂದು ಕರೆಯಬಹುದಿತ್ತು, ಆ ಹೆಸರನ್ನು ಬೇರೆಯವರು ಮೊದಲೇ ಬಳಸಿಬಿಟ್ಟಿದ್ದಾರೆ.

ಕೊನೆಯದಾಗಿ ಕ್ಷೇತ್ರಕಾರ್ಯ. ಹಿರಿಯೂರಿನಿಂದ ಹೊಸದುರ್ಗಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ನಮ್ಮ ಭಾವನವರ ಟ್ರ್ಯಾಕ್ಟರು ಟ್ರೇಲರಿನ ಸಮೇತ ಹುಣಸೆಮರದ ಕೆಳಗೆ ತಿಂಗಳುಗಟ್ಟಲೆ ನಿಂತಿತ್ತು. ಮಳೆ ಬಿದ್ದು ಹೊಲ ಹದಕ್ಕೆ ಬಂತು. ಟ್ರೇಲರು ಬಿಚ್ಚಿ ರೋಟವೇಟರ್ ಕಟ್ಟಬೇಕು. ಪಿನ್ನು ಜಗ್ಗಲಿಲ್ಲ. ಅರ್ಧ ಗಂಟೆಯಲ್ಲಿ ಹದಿನೇಳು ಜನ ಸೇರಿದರು. "ಹೊಡೀರಿ" ಎಂಬ ಮೂಲಪಾಠಕ್ಕೆ "ಮೇಲಿಂದಲ್ಲ, ಕೆಳಗಿಂದ ಹೊಡೀರಿ", "ಹಂಗಲ್ಲ ಕಣಪ್ಪ, ತಿರುವಿ ಹೊಡೀರಿ", "ಇಲ್ಲಿ ಕೊಡು, ನಾನ್ ಹೊಡೀತೀನಿ" ಎಂಬ ಪಾಠಾಂತರಗಳನ್ನು ದಾಖಲಿಸಿಕೊಂಡೆ. ಹೊಳಲ್ಕೆರೆಯ ನೆಂಟರೊಬ್ಬರು ಇನ್ನೊಂದು ಟ್ರ್ಯಾಕ್ಟರಿಗೆ ಚೈನು ಕಟ್ಟಿಸಿ ಎಳೆಸಿದರು. ಟ್ರ್ಯಾಕ್ಟರು, ಪಿನ್ನು, ಟ್ರೇಲರು ಮೂರೂ ಒಗ್ಗಟ್ಟಾಗಿ ಆರು ಮಾರು ಮುಂದೆ ಬಂದವು. ಅವನ್ನು ಕೂಡಿಸಿದ್ದೇ ಅದಕ್ಕಲ್ಲವೇ ಎಂಬುದು ಆಮೇಲೆ ಹೊಳೆಯಿತು.

ಸಂಜೆ ವೆಲ್ಡಿಂಗ್‌ನವನು ಗ್ಯಾಸ್ ತಂದ. ಯಾರ ಮಾತೂ ಕೇಳಿಸಿಕೊಳ್ಳದೆ, ಓಬವ್ವನ ನಿಜವಾದ ಪಂಥದವನು, ಮೊದಲು ಟ್ರೇಲರಿನ ಮೂತಿಗೆ ಜಾಕ್ ಕೊಟ್ಟು ಒಂದಿಷ್ಟು ಎತ್ತಿದ. ಟ್ರ್ಯಾಕ್ಟರನ್ನು ನಾಲ್ಕು ಬೆರಳು ಹಿಂದಕ್ಕೆ ಬಿಡಿಸಿದ. ಬೆಳಿಗ್ಗೆಯಿಂದ ಅಷ್ಟೂ ಭಾರವನ್ನು ಪಿನ್ನಿನ ಮೇಲೇ ಹೇರಿಕೊಂಡು ಹೊಡೆದಿದ್ದೆವು ಎಂಬುದು ಆಗ ಸಭೆಗೆ ಗೊತ್ತಾಯಿತು. ಹದಿನೇಳೂ ಜನ "ನಾನ್ ಆವಾಗ್ಲೇ ಅಂದೆ" ಎಂದರು. ಅರಳಿದ ತುದಿಯನ್ನು ಕತ್ತರಿಸಿ, ದವಡೆ ಕಾಯಿಸಿ, ಕೆಳಗಿಂದ ಕಂಬಿ ಕೊಟ್ಟು ಮೂರು ಏಟು. ಬಿಲ್ಲಿನ ಹಾಗೆ ಬಾಗಿದ ಪಿನ್ನು ಹೊರಬಂತು.

ಅಷ್ಟರಲ್ಲಿ ಕತ್ತಲಾಗಿತ್ತು. ಭಾವನವರ ಹೊಲವನ್ನು ಮಾರನೆಯ ದಿನ ಪಕ್ಕದವರ ಟ್ರ್ಯಾಕ್ಟರು ಉತ್ತಿತು. ಇವರದ್ದು ಗೊಬ್ಬರ ಹೊಡೆಯಲು ಬೇಕೆಂದು ಮತ್ತೆ ಟ್ರೇಲರಿಗೇ ಕಟ್ಟುವುದೆಂದಾಯಿತು. ರೈಲುಹಳಿಯ ತುಂಡಿನ ಮೇಲೆ ಅದೇ ಪಿನ್ನನ್ನಿಟ್ಟು ಬಡಿದು ನೆಟ್ಟಗೆ ಮಾಡಿದರು.

"ಭಾವ, ಒಂಚೂರು ಗ್ರೀಸ್ ಸವರಿ" ಎಂದೆ.

"ಗ್ರೀಸ್ ಹಚ್ಚಿದ್ರೆ ಮಣ್ಣು ಹಿಡಿಯುತ್ತಪ್ಪಾ" ಎಂದರು. ನಾನು ಅಡಿಟಿಪ್ಪಣಿಗಳ ಬಲದಿಂದ ವಾದಿಸಿ ಗೆದ್ದೆ. ಕೊಟ್ಟಿಗೆಯ ಅಟ್ಟದಿಂದ ಗ್ರೀಸಿನ ಡಬ್ಬ ಇಳಿಸಿದರು, ಕೊಂಡಾಗಿನಿಂದ ತೆರೆದಿರಲಿಲ್ಲ. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಭಾವನವರು ಹಾರೆ ತರಲು ಹೋದರು. ಅದು ಪ್ರಸ್ತುತ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.