ಲೇಕ್ ವ್ಯೂ ಆಸೆಗೆ ಬಿದ್ದು

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಪುಣ್ಯಾತ್ಮರು ಬ್ರೋಕರ್ ಜಾಹೀರಾತಿನಲ್ಲಿ ಅರ್ಧಕ್ಕರ್ಧ ಕಳೆದೇ ಓದುತ್ತಾರೆ. ನಾನು ಮಾತ್ರ ಲಗ್ನಪತ್ರಿಕೆ ಓದಿದಂತೆ ಓದುವವನು. ಮೂಲೆಗೆ ಅರಿಸಿನ ಹಚ್ಚುವುದೊಂದು ಬಾಕಿ.

'ಮೆಟ್ರೋಗೆ ಐದೇ ನಿಮಿಷ' ಎಂದಿತ್ತು. 2011ರಲ್ಲಿ ಎಂ.ಜಿ. ರಸ್ತೆ–ಬೈಯಪ್ಪನಹಳ್ಳಿ ನಡುವೆ ಮೊದಲ ರೈಲು ಓಡಿದಾಗಿನಿಂದ ನಾನು ಮೆಟ್ರೋ ಭಕ್ತ. ಸ್ಮಾರ್ಟ್ ಕಾರ್ಡು ಹಿಡಿದು ನಡೆದೆ. ಸರಿಯಾಗಿ ಐದು ನಿಮಿಷಕ್ಕೆ ಮೆಟ್ರೋ ಸಿಕ್ಕಿತು, ಕಂಬ ಮಾತ್ರ! ಆದರೂ ಕಾದೆ ನೋಡಿ. ಹೆಲ್ಮೆಟ್ ಹಾಕಿದ ಕೆಲಸಗಾರರೊಬ್ಬರು ಕನಿಕರದಿಂದ, 'ಇನ್ನೂ ಲೇಟಾಗುತ್ತೆ ಸಾರ್' ಎಂದರು. ಎಷ್ಟು ನಿಮಿಷ ಎಂದು ಬೇರೆ ಕೇಳಿದೆ.

ಆಮೇಲೆ 'ಸೆಮಿ ಫರ್ನಿಶ್ಡ್' ಮನೆ. ಸಾಗಿಸುವ ಖರ್ಚು ಉಳಿಯಿತೆಂದು ಮಂಚ, ಸೋಫಾ ಗುಜರಿಗೆ ಹಾಕಿ ಬೀಗುತ್ತ ಹೋದರೆ, ಅಲ್ಲಿದ್ದದ್ದು ಫ್ಯಾನು, ಟ್ಯೂಬ್‌ಲೈಟು, ಒಂದು ವಾರ್ಡ್‌ರೋಬು. ನನ್ನ ಸೋಫಾ ಗುಜರಿ ಅಂಗಡಿ ಮುಂದೆ ಇನ್ನೂ ಇದೆ. ನಾನು ಹಾದುಹೋದಾಗೆಲ್ಲ ಅಂಗಡಿಯವರು, 'ಕೂತ್ಕೊಳ್ಳಿ ಸಾರ್' ಎನ್ನುತ್ತಾರೆ.

ಇಷ್ಟಾದ ಮೇಲೂ ನಂಬಿದ್ದು '1200 ಚದರಡಿ, ಲೇಕ್ ವ್ಯೂ, 24 ಗಂಟೆ ನೀರು'. ಟೇಪು ಹಿಡಿದು ಮಂಡಿಯೂರಿ ಅಳೆದೆ. ಬಚ್ಚಲು ಸೇರಿಸಿದರೂ 800 ದಾಟಲಿಲ್ಲ. 'ಅದು ಸೂಪರ್ ಬಿಲ್ಟಪ್ ಸಾರ್, ಮೆಟ್ಟಿಲು, ಲಾಬಿ, ಲಿಫ್ಟು ಎಲ್ಲದ್ರಲ್ಲೂ ನಿಮ್ಮ ಪಾಲಿದೆ' ಎಂದರು ಬ್ರೋಕರ್. 2016ರ ರೇರಾ ಕಾಯ್ದೆ ಬಂದ ಮೇಲೆ ಹೊಸ ಫ್ಲ್ಯಾಟ್ ಮಾರುವ ಬಿಲ್ಡರು ಒಳಗಿನ ಕಾರ್ಪೆಟ್ ಏರಿಯಾ ಹೇಳಲೇಬೇಕು. ಬಾಡಿಗೆಯವನು ಲಿಫ್ಟಿನ ಪಾಲಿಗೇ ತೃಪ್ತಿಪಡಬೇಕು. ಪಟ್ಟೆ. ಎಷ್ಟೆಂದರೆ, ತಾರಸಿಗೆ ಹೋಗುವಾಗ ಲಿಫ್ಟಿನೊಳಗೆ ಬಂದ ಹಿರಿಯರಿಗೆ, 'ಚಪ್ಪಲಿ ಹೊರಗೇ ಬಿಡಿ' ಎಂದುಬಿಟ್ಟೆ. ಪಾಪ, ಅವರು ಬಿಟ್ಟೂ ಬಿಟ್ಟರು. ಬಾಗಿಲು ಮುಚ್ಚಿತು. ಮೇಲೆ ಹೋಗುವಷ್ಟರಲ್ಲಿ ಗೊತ್ತಾಯಿತು, ಕಟ್ಟಡದ ಓನರ್ ಅವರೇ.

ಮುಖ ತೋರಿಸಲಾಗದೆ ಕೆರೆ ಹುಡುಕತೊಡಗಿದೆ. ತಾರಸಿಯಿಂದ ಕಂಡದ್ದು ಪಕ್ಕದ ಮನೆಯವರ ಒಣಹಾಕಿದ ಬಟ್ಟೆ. 'ಟ್ಯಾಂಕ್ ಮೇಲೆ ನಿಂತ್ರೆ ಕಾಣ್ಬೋದೇನೋ' ಎಂದು ಬ್ರೋಕರ್ ತಮಾಷೆಗೆ ಅಂದಿರಬೇಕು. ನಾನು ಹತ್ತಿದೆ. ಎರಡು ಅಪಾರ್ಟ್‌ಮೆಂಟುಗಳ ಸಂದಿನಲ್ಲಿ, ಎಲ್ಲೋ ದೂರದಲ್ಲಿ, ಒಂದು ಗೇಣು ಕೆರೆ! ಇನ್ನೊಂದು ಗೇಣು ಕಂಡೀತೆಂದು ತುದಿಗಾಲಲ್ಲಿ ನಿಂತೆ. ಮುಚ್ಚಳ ಲಟಕ್ ಎಂದಿತು. ಮರುಕ್ಷಣ ಕತ್ತಿನವರೆಗೂ ನೀರು.

ಬರಿಗಾಲಿನ ಓನರ್ ಒಂದು ತೋಳು, ಬ್ರೋಕರ್ ಇನ್ನೊಂದು ತೋಳು ಹಿಡಿದು ಎಳೆದರು. 'ನೋಡಿದ್ರಾ ಸಾರ್, ನೀರಿಗೆ ಮಾತ್ರ ಏನೂ ತೊಂದ್ರೆ ಇಲ್ಲ' ಎಂದರು ಬ್ರೋಕರ್. 2024ರ ಬೇಸಿಗೆಯಲ್ಲಿ ಬಿಂದಿಗೆ ಹಿಡಿದು ಟ್ಯಾಂಕರ್ ಹಿಂದೆ ಓಡಿದವನು ನಾನು, ಅಲ್ಲಗಳೆಯುವುದು ಹೇಗೆ? ಹಲ್ಲು ಕಟಕಟಿಸುತ್ತಲೇ ಓನರ್ ಕಡೆ ತಿರುಗಿ ಕೇಳಿದೆ:

'ಹತ್ತು ತಿಂಗಳ ಅಡ್ವಾನ್ಸು... ಆರಕ್ಕೆ ಇಳಿಸ್ತೀರಾ?'

'ಮೊದ್ಲು ಕೆಳಗೆ ಹೋಗಿ ನನ್ ಚಪ್ಲಿ ತಗೊಂಡ್ಬನ್ನಿ' ಎಂದರು ಅವರು.