ಮುಳ್ಳುಚಮಚ ಮೀಮಾಂಸೆ: ಡಬ್ಲಿನ್ ಖಂಡ

ಊಟ ಎರಡು ವಿಧ. ಹೊಟ್ಟೆ ಹಸಿದಾಗ ಮಾಡುವುದೊಂದು, ಕೋಟು ಇಸ್ತ್ರಿಯಾದಾಗ ಮಾಡುವುದು ಇನ್ನೊಂದು. ಮೊದಲನೆಯದರ ಬಗ್ಗೆ ಪೂರ್ವಸೂರಿಗಳು ಬೇಕಾದಷ್ಟು ಬರೆದಿರುವುದರಿಂದ ಪ್ರಸ್ತುತ ಪ್ರಬಂಧ ಎರಡನೆಯದಕ್ಕೆ ಸೀಮಿತ.

ಅಧ್ಯಯನದ ಕ್ಷೇತ್ರ, ಡಬ್ಲಿನ್ನಿನ ಅಪ್ಪರ್ ಮೆರಿಯನ್ ಸ್ಟ್ರೀಟ್. ಅಲ್ಲಿನ ನಾಲ್ಕು ಜಾರ್ಜಿಯನ್ ಸಾಲುಮನೆಗಳನ್ನು ಒಂದಾಗಿಸಿ 1997ರಲ್ಲಿ ಮೆರಿಯನ್ ಹೋಟೆಲ್ ತೆರೆದರು. 1981ರಲ್ಲಿ ಹುಟ್ಟಿದ ಪ್ಯಾಟ್ರಿಕ್ ಗಿಲ್ಬೋ ರೆಸ್ಟೋರೆಂಟ್ ಕೂಡ ಅದೇ ವರ್ಷ ಅಲ್ಲಿಗೆ ಬಿಡಾರ ಬದಲಿಸಿತು. ಹೊರಗೆ ಬೋಳು ಇಟ್ಟಿಗೆ, ಒಳಗೆ ಛಾವಣಿ ತುಂಬ ಗಾರೆಯ ಹೂಬಳ್ಳಿ. ಜಾರ್ಜಿಯನ್ ಕಾಲದ ಸಿರಿವಂತ ಬೀದಿಗೆ ಬಡವ, ಅತಿಥಿಗೆ ದೊರೆ.

ಈ ನಾಲ್ಕರಲ್ಲೊಂದು ಮಾರ್ನಿಂಗ್‌ಟನ್ ಹೌಸ್. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ ಆರ್ಥರ್ ವೆಲ್ಲೆಸ್ಲಿ 1769ರಲ್ಲಿ ಹುಟ್ಟಿದ್ದು ಇಲ್ಲೇ ಎಂದು ಪ್ರತೀತಿ. ಅಲ್ಲವೆನ್ನುವ ಪಂಡಿತರೂ ಇದ್ದಾರೆ. ಕವಿಯೊಬ್ಬನ ಜನ್ಮಸ್ಥಳಕ್ಕಾಗಿ ಎರಡು ತಾಲ್ಲೂಕುಗಳು ಕಾದಾಡುವುದನ್ನು ಕಂಡ ನಮಗೆ ಇದೇನು ಹೊಸತಲ್ಲ. ಈ ಆಸಾಮಿ 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗೆ, ಸುಲ್ತಾನ್‌ಪೇಟೆ ತೋಪಿನ ಕತ್ತಲಲ್ಲಿ ದಾರಿ ತಪ್ಪಿ, ಮೊಣಕಾಲಿಗೆ ಪೆಟ್ಟು ತಿಂದು ಹಿಂದಿರುಗಿದ. ಕೋಟೆ ಬಿದ್ದ ಮೇಲೆ ದರಿಯಾ ದೌಲತ್‌ನಲ್ಲೇ ವಾಸಕ್ಕಿದ್ದನೆಂಬುದು ಬೇರೆ ಮಾತು. ಪ್ರಬಂಧಕಾರನ ಸಿದ್ಧಾಂತವಿಷ್ಟೇ: ಇಂಥ ಮನೆಯ ಬಿಳಿ ಮೇಜುವಸ್ತ್ರದ ಮುಂದೆ ಕೂತ ಪ್ರತಿ ಮಂಡ್ಯದವನೂ ಆ ತೋಪಿನ ರಾತ್ರಿಯನ್ನು ವೆಲ್ಲೆಸ್ಲಿಯ ಪರವಾಗಿ ಮತ್ತೊಮ್ಮೆ ಅನುಭವಿಸುತ್ತಾನೆ.

ಎಡಕ್ಕೆ ಮೂರು ಮುಳ್ಳುಚಮಚ. ಬಲಕ್ಕೆ ಚೂರಿಗಳ ಪಹರೆ. ಯಾವುದನ್ನು ಮೊದಲು ಎತ್ತಬೇಕು? ಪೂರ್ವಪಕ್ಷ: ತಟ್ಟೆಗೆ ಹತ್ತಿರವಿದ್ದದ್ದನ್ನು, ಹತ್ತಿರದವರೇ ನಮ್ಮವರಾದ್ದರಿಂದ. ಉತ್ತರಪಕ್ಷ: ಹೊರಗಿನಿಂದ ಒಳಕ್ಕೆ. ಕಾರಣ, 19ನೇ ಶತಮಾನದಲ್ಲಿ ಯುರೋಪಿನಲ್ಲಿ ಹಬ್ಬಿದ ರಷ್ಯನ್ ಪದ್ಧತಿ. ಅದರಲ್ಲಿ ಭಕ್ಷ್ಯಗಳು ಒಂದರ ಹಿಂದೊಂದು ಬರುತ್ತವೆ, ಆಯುಧಗಳೂ ಅದೇ ಸರದಿಯಲ್ಲಿ ನಿಲ್ಲುತ್ತವೆ. ಅದಕ್ಕೆ ಹಿಂದಿನ ಫ್ರೆಂಚ್ ಪದ್ಧತಿಯಲ್ಲಿ ಹತ್ತಾರು ಭಕ್ಷ್ಯ ಒಟ್ಟಿಗೇ ಮೇಜಿನ ಮೇಲೆ. ಅಂದರೆ ಫ್ರೆಂಚರು ತಮಗೇ ತಿಳಿಯದೆ ಬಾಳೆಲೆಗೆ ಬಹಳ ಹತ್ತಿರ ಬಂದು, ರಷ್ಯದವರ ಮಾತು ಕೇಳಿ ಕೆಟ್ಟರು. ನಮ್ಮಲ್ಲಿ ತುದಿ ಎಡಕ್ಕೆ, ಉಪ್ಪು ಮೊದಲು, ಆಮೇಲೆ ಉಪ್ಪಿನಕಾಯಿ, ಕೋಸಂಬರಿ, ಪಲ್ಯ; ಊಟದ ಭವಿಷ್ಯ ಕೂತೊಡನೆ ಕಣ್ಣಿಗೆ ಬೀಳುತ್ತದೆ. ಅಲ್ಲಿ ಭವಿಷ್ಯ ಅಡುಗೆಮನೆಯಲ್ಲಿ.

ಇನ್ನು ಕೋರ್ಸ್ ಎಂಬುದರ ಲಕ್ಷಣ. 'ದೊಡ್ಡ ತಟ್ಟೆಯ ನಡುವೆ ಇರುವ ಚಿಕ್ಕ ವಸ್ತುವೇ ಕೋರ್ಸ್' ಎಂದರೆ ಅತಿವ್ಯಾಪ್ತಿ ದೋಷ. ಆರತಿ ತಟ್ಟೆಯೂ ಕೋರ್ಸ್ ಆಗಿಬಿಡುತ್ತದೆ. 'ಬಡಿಸಿದವನ ವಿವರಣೆ ಮುಗಿಯುವ ಮೊದಲೇ ತಿಂದು ಮುಗಿಸಬಹುದಾದದ್ದು' ಎಂದು ಸೇರಿಸಿದರೆ ಪರಿಹಾರ. ಆದರೆ ಹಾಗೆ ತಿನ್ನಕೂಡದು. ತಲೆಯಾಡಿಸುತ್ತಿರಬೇಕು.

ಕೊನೆಗೆ ಕಾಫಿ, ಜೊತೆಗೆ ಗೋಲಿಯಷ್ಟು ಚಾಕೊಲೇಟು. ಇಲ್ಲಿ ಪಂಡಿತರಿಗೆ ಗಂಭೀರ ಸಮಸ್ಯೆ: ಮಜ್ಜಿಗೆ ಅನ್ನ ಬರಲಿಲ್ಲವಾದ್ದರಿಂದ ಶಾಸ್ತ್ರಪ್ರಕಾರ ಊಟ ಇನ್ನೂ ಮುಗಿದಿಲ್ಲ. ಬಿಲ್ ಮಾತ್ರ ಬಂದಿದೆ.