ಸಂಧಾನರಾಯರು

ಲೋಕದಲ್ಲಿ ಆಡುವವರು ಕೆಲವರು, ಆಡಿಸುವವರು ಕೆಲವರು, ಆಡುವವರನ್ನು ನೋಡಿ ತಣಿಯುವವರು ಬಹುಮಂದಿ. ಆದರೆ ಆಟಕ್ಕೆ ಬೇಕಾದ ಸಕಲ ಪರಿಕರಗಳನ್ನೂ ಒಂದಕ್ಕೊಂದು ಕೂಡಿಸಿ, ಅವು ಕೂಡಿಕೊಂಡ ಕ್ಷಣದಲ್ಲಿಯೇ ಆಟದ ಮೇಲಣ ಆಸ್ಥೆಯನ್ನು ನಿಶ್ಶೇಷವಾಗಿ ಕಳೆದುಕೊಳ್ಳುವ ನಾಲ್ಕನೆಯ ವರ್ಗವೊಂದುಂಟೆಂಬುದು ಹಾನಗಲ್ಲಿನ ನಮ್ಮ ಸಂಧಾನರಾಯರನ್ನು ಕಾಣುವ ತನಕ ನನಗೆ ತಿಳಿದಿರಲಿಲ್ಲ. ಇದು ತೊಟ್ಟಿಲಲ್ಲಿಟ್ಟ ಹೆಸರಲ್ಲ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ತಾಲೂಕುಗಳಲ್ಲಿ ಹರಡಿಕೊಂಡಿರುವ ಬಂಧುವರ್ಗವು, ತಮ್ಮ ತಮ್ಮ ಮನೆಗಳ ತಂತಿಗಳನ್ನೆಲ್ಲ ಅವರು ಒಮ್ಮೆಯಾದರೂ ಬಿಚ್ಚಿದ ಮೇಲೆ, ಏಕಕಂಠದಿಂದ ದಯಪಾಲಿಸಿದ ಬಿರುದು.

ಈ ಕೂಡಿಸುವ ವಿದ್ಯೆ ಪಿತ್ರಾರ್ಜಿತವಾದುದು. 1950ರಲ್ಲಿ ಧಾರವಾಡದ ಆಕಾಶವಾಣಿ ನಿಲಯವು ಮಾತನಾಡತೊಡಗಿದಾಗ ಅವರ ಅಜ್ಜನು ಮಾಳಿಗೆಯುದ್ದಕ್ಕೂ ತಂತಿಯೆಳೆದು, ಆಲಾಪವು ಕಿವಿಗೆ ಬಿದ್ದೊಡನೆಯೇ ‘ಇನ್ನೂ ಚೊಲೋ ಕೇಳಸ್ತೈತಿ, ತಡೀರಿ’ ಎಂದು ಅದನ್ನು ಕಿತ್ತು ಮತ್ತೆ ಎಳೆದವನಂತೆ. ತಂದೆಯಾದರೋ ದೂರದರ್ಶನದ ಆಂಟೆನಾ ಹಿಡಿದು ಮೇಲಿನಿಂದ ‘ಬಂತೇನು?’ ಎಂದು ಕೂಗಿ, ಕೆಳಗಿನಿಂದ ‘ಬಂತು, ಬಂತು’ ಎಂಬ ಉತ್ತರ ಬಂದ ಬಳಿಕವೂ ಅರ್ಧ ಗಂಟೆಯ ಕಾಲ ಇಳಿಯದವರು.

ಮೂರನೆಯ ತಲೆಮಾರಿನ ಪಾಲಿಗೆ ಬಂದದ್ದು ವೀ ಎಂಬ ಆಟದ ಯಂತ್ರದ ರಿಮೋಟು. 1889ರಲ್ಲಿ ಕ್ಯೋಟೋ ನಗರದಲ್ಲಿ ಹನಫುದವೆಂಬ ಆಟದ ಎಲೆಗಳನ್ನು ಮಾಡುವುದಕ್ಕಾಗಿ ಹುಟ್ಟಿಕೊಂಡ ನಿಂಟೆಂಡೊ ಸಂಸ್ಥೆಯು 2006ರಲ್ಲಿ ಲೋಕಕ್ಕಿತ್ತ ಬಿಳಿಯ ಕೈಗೋಲಿದು (ಎಲೆಯೆಂದರೆ ವೀಳ್ಯದೆಲೆಯೊಂದನ್ನೇ ಬಲ್ಲ ಸವಣೂರಿನ ಅತ್ತೆಗೆ ಈ ವಂಶವೃತ್ತಾಂತವು ಕಡೆಗೂ ಅರ್ಥವಾಗಲಿಲ್ಲ). ಇದರ ಗರ್ಭದಲ್ಲಿ ಬೀಸುವ ಕೈಯ ವೇಗೋತ್ಕರ್ಷವನ್ನು ಮೂರು ದಿಕ್ಕಿನಲ್ಲಿ ಅಳೆಯುವ ಸೂಕ್ಷ್ಮಯಂತ್ರವೂ, ಮೂಗಿನ ತುದಿಯಲ್ಲಿ ಅವಕೆಂಪು ಬೆಳಕನ್ನು ಕಾಣುವ ಕಣ್ಣೂ ಇವೆ. ಅಮೆರಿಕದಿಂದ ಬಂದ ಬಂಧುವೊಬ್ಬರು ಮೂಲಯಂತ್ರವನ್ನು ಅಲ್ಲಿಯೇ ಬಿಟ್ಟು, ಈ ಕೋಲನ್ನೂ ಟೆನಿಸ್ ಆಟದ ತಮ್ಮ ತಟ್ಟೆಯ ಪ್ರತಿಯನ್ನೂ ಮಾತ್ರ ತಂದಿದ್ದರು. ರಥವಿಲ್ಲದೆ ಚಾವಟಿಯೊಂದೇ ಬಂದಂತಾಯಿತೆಂದು ಉಳಿದವರು ನಕ್ಕರೆ, ರಾಯರು ಪುಲಕಿತರಾದರು. ಏಕೆಂದರೆ ಎಲ್ಲವೂ ಬಂದಿದ್ದರೆ ಕೂಡಿಸುವುದಕ್ಕೆ ಏನು ಉಳಿಯುತ್ತಿತ್ತು?

ರಥದ ಕೊರತೆಯನ್ನು ತುಂಬಲು ಡಾಲ್ಫಿನ್ ಎಂಬ ಎಮ್ಯುಲೇಟರ್ ಇದ್ದೇ ಇತ್ತು. 2003ರಲ್ಲಿ ಹುಟ್ಟಿ, 2008ರಲ್ಲಿ ತನ್ನ ಮೂಲಸಂಕೇತವನ್ನು ಸರ್ವರಿಗೂ ತೆರೆದಿಟ್ಟ ಈ ತಂತ್ರಾಂಶವು ಸಾಧಾರಣ ಕಂಪ್ಯೂಟರಿಗೆ ವೀ ಯಂತ್ರದ ವೇಷವನ್ನು ಹಾಕಿಸುವುದು. ನಮ್ಮ ಹಗಲುವೇಷದವನು ಬಣ್ಣ ಬಳಿದುಕೊಂಡು ಬಂದು ಹನುಮಂತನೆಂದರೆ ಹನುಮಂತನೇ ಆಗುವಂತೆ. ವೇಷವೇನೋ ಒಂದು ತಾಸಿನಲ್ಲಿ ಸಿದ್ಧವಾಯಿತು. ಕೈಗೋಲು ಮಾತ್ರ ಅದನ್ನು ತನ್ನ ಒಡೆಯನೆಂದು ಒಪ್ಪಲಿಲ್ಲ.

ಹಾನಗಲ್ಲನ್ನು ವಿರಾಟನಗರವೆನ್ನುವ ಐತಿಹ್ಯವುಂಟಷ್ಟೆ. ಅಲ್ಲಿ ಅಜ್ಞಾತವಾಸವು ಹೊಸತಲ್ಲ. ಈ ಕೋಲೂ ಅದನ್ನೇ ಹಿಡಿಯಿತು. ಅದರ ಮೇಲಿನ 1 ಮತ್ತು 2 ಎಂಬ ಗುಂಡಿಗಳನ್ನು ಒಮ್ಮೆಗೇ ಒತ್ತಿದರೆ ನಾಲ್ಕು ನೀಲಿ ದೀಪಗಳು ಮಿಣುಕಿ, ಇಪ್ಪತ್ತು ಸೆಕೆಂಡುಗಳ ಕಾಲ ಅದು ಬ್ಲೂಟೂತಿನ ಕಣ್ಣಿಗೆ ಗೋಚರವಾಗುವುದು. ಅಷ್ಟರೊಳಗೆ ಕಂಪ್ಯೂಟರು ಗುರುತು ಹಿಡಿಯದಿದ್ದರೆ ಪುನಃ ಅಜ್ಞಾತವಾಸ. ಪಾಂಡವರಿಗೆ ಒಂದು ವರುಷ ಅಡಗಿರುವುದು ಎಷ್ಟು ಕಷ್ಟವಾಗಿತ್ತೋ, ಇದಕ್ಕೆ ಅರೆನಿಮಿಷ ಕಾಣಿಸಿಕೊಳ್ಳುವುದು ಅಷ್ಟೇ ಕಷ್ಟ. ಬ್ಲೂಟೂತೆಂಬುದು ಡೇನರನ್ನು ಒಗ್ಗೂಡಿಸಿದ ಹತ್ತನೆಯ ಶತಮಾನದ ಅರಸನೊಬ್ಬನ ಹೆಸರೆಂದು ತಿಳಿದಂದಿನಿಂದ ರಾಯರಿಗೆ ಆತನಲ್ಲಿ ಕುಲಬಾಂಧವ್ಯವೇ ಮೂಡಿತ್ತು. ಮನೆಯ ಕಂಪ್ಯೂಟರಿಗೆ ಬ್ಲೂಟೂತಿಲ್ಲವೆಂದು ಶಿಗ್ಗಾಂವಿಗೆ ಹೋಗಿ ಹೆಬ್ಬೆರಳುಗುರಿನಷ್ಟರ ಡಾಂಗಲನ್ನು ತಂದರು. ಅದು ಕೂಡದಿರಲು ಸವಣೂರಿನ ಅಳಿಯನ ಲ್ಯಾಪ್‌ಟಾಪನ್ನು ಬೇಡಿದರು. ದೊಡ್ಡಹುಣಸೆಯ ಮರಗಳನ್ನು ನೋಡಿಕೊಂಡು ಹೋಗಿರೆಂದರೆ ನೋಡದೆ, ಅತ್ತೆಯಿಟ್ಟ ಖಾರಾದ ಜಿಡ್ಡನ್ನು ಗುಂಡಿಗಳಿಗೆ ಸವರಿಕೊಂಡು ಹಿಂದಿರುಗಿದರು.

ಪರದೆಯ ಮೇಲೆ ಗುರಿಯಿಡುವುದಕ್ಕೆ ಸೆನ್ಸರ್ ಬಾರೆಂಬ ಪಟ್ಟಿಯೊಂದು ಬೇಕು. ಹೆಸರು ಸೆನ್ಸರಾದರೂ ಅದು ಏನನ್ನೂ ಗ್ರಹಿಸುವುದಿಲ್ಲ. ಎರಡು ತುದಿಗಳಲ್ಲಿ ಅವಕೆಂಪು ಬೆಳಕನ್ನು ಚೆಲ್ಲುತ್ತ ಸುಮ್ಮನಿರುವುದು, ಗ್ರಹಿಸುವ ಕಣ್ಣು ಇರುವುದು ಕೋಲಿನಲ್ಲಿ. ಉರಿಯುವ ಜ್ವಾಲೆಯಲ್ಲಿಯೂ ಅದೇ ಬೆಳಕುಂಟಾದ್ದರಿಂದ ಎರಡು ಹಣತೆಗಳೇ ಸಾಕೆಂಬ ಸತ್ಯವು ಹೊಳೆದ ರಾತ್ರಿ ರಾಯರು ದೇವರ ಕೋಣೆಯ ಜೋಡಿ ಹಣತೆಗಳನ್ನೆತ್ತಿ ತಂದು, ಲ್ಯಾಪ್‌ಟಾಪಿನ ಎಡಬಲಗಳಲ್ಲಿಟ್ಟು, ಎದುರಿಗೆ ನಿಂತು ಕೋಲನ್ನು ಮೆಲ್ಲಮೆಲ್ಲನೆ ಸುತ್ತಿಸುತ್ತಿರಲು, ನಿದ್ದೆಯಿಂದೆದ್ದು ಬಂದ ವೃದ್ಧಮಾತೆಯು ಮಗನಿಗೆ ತಡವಾಗಿಯಾದರೂ ಭಕ್ತಿ ಹುಟ್ಟಿತೆಂದು ಕೈಮುಗಿದು ಒಳಗೆ ಹೋದರು.

ಸಂಧಾನವು ಫಲಿಸಿದ್ದು ಹಿರೇಕೆರೂರಿನ ತಂಗಿಯ ಮನೆಯಲ್ಲಿ, ದೀಪಾವಳಿಯ ಮರುದಿನ. ಊರೆಲ್ಲ ಹೋರಿ ಹಬ್ಬಕ್ಕೆ ನೆರೆದು, ಕೊಬ್ಬರಿಯ ಹಾರ ತೊಟ್ಟ ಹೋರಿಗಳು ಮಿಂಚಿನಂತೆ ಹಾಯುತ್ತಿದ್ದ ಹೊತ್ತಿನಲ್ಲಿ, ಕದವಿಕ್ಕಿದ ಕೋಣೆಯೊಳಗಿಂದ ‘ಕೂಡ್ತು! ಕೂಡ್ತು!’ ಎಂಬ ಉದ್ಘೋಷವು ಕೇಳಿತು. ನಾಲ್ಕು ದೀಪಗಳ ಮಿಣುಕಾಟವು ನಿಂತು ಮೊದಲನೆಯದೊಂದು ಸ್ಥಿರವಾಗಿ ಬೆಳಗುತ್ತಿತ್ತು. ಆಗತಾನೆ ಕೊಬ್ಬರಿ ಹರಿದು ತಂದಿದ್ದ ಸೋದರಳಿಯನು ಕೋಲನ್ನು ಕಸಿದು, ಹೋರಿಗೆ ಹಾಯುವ ಹುರುಪಿನಲ್ಲಿಯೇ ಬೀಸತೊಡಗಿ, ಟೆನಿಸಿನಲ್ಲಿ ಆಟದ ಮೇಲೆ ಆಟವನ್ನು ಗೆದ್ದನು. ರಾಯರು ಮೂಲೆಯ ಕುರ್ಚಿಯಲ್ಲಿ ಬಾಡಿದ ಮುಖದಿಂದ ಕುಳಿತರು. ಕೃಷ್ಣನ ಸಂಧಾನವು ಮುರಿದು ಯುದ್ಧವಾದ್ದರಿಂದ ಆತನಿಗೆ ಸಾರಥ್ಯವಾದರೂ ದೊರೆಯಿತು. ಸಂಧಾನವು ಗೆದ್ದರೆ ಸಂಧಾನಕಾರನಿಗೆ ಏನು ಕೆಲಸ?

ಮರುದಿನ ಬೆಳಗ್ಗೆ ‘ಮಾವಾ, ಮತ್ತ ಕೂಡವಲ್ದು’ ಎಂದು ಹುಡುಗನು ಎಬ್ಬಿಸಲು, ರಾಯರು ಮದುವೆಯ ಮನೆಗೆ ಕರೆ ಬಂದವರಂತೆ ಎದ್ದು ಕುಳಿತರು. 1 ಮತ್ತು 2ನ್ನು ಒತ್ತಿ ಕುದುರಿಸಿದ ಸಂಬಂಧವು ತಾತ್ಕಾಲಿಕ. ಪ್ರತಿಸಲವೂ ಹೊಸದಾಗಿ ಒಲಿಸಬೇಕು. ಶೆಲ್ಲು ಮುಗಿದಿರಬಹುದೆಂದು ಹುಡುಗನು ಹಿಂಬದಿಯ ಮುಚ್ಚಳವನ್ನು ತೆಗೆದನು. ಎರಡು ಶೆಲ್ಲುಗಳ ಕೆಳಗೆ, ಕುಂಕುಮದ ಬೊಟ್ಟಿನಂಥ ಕೆಂಪು ಗುಂಡಿಯೊಂದು ಕಂಡಿತು. ಅದನ್ನೊತ್ತಿ, ಕಂಪ್ಯೂಟರಿನ ಬ್ಲೂಟೂತ್ ವಿಳಾಸವನ್ನು ತಿರುವುಮುರುವಾಗಿ ಗುಪ್ತಸಂಕೇತವಾಗಿ ಒಪ್ಪಿಸಿದರೆ ಗಂಟು ಶಾಶ್ವತವಾಗಿ ಬೀಳುವುದೆಂದೂ, ಮುಂದೆ ಯಾವುದೊಂದು ಗುಂಡಿ ಮುಟ್ಟಿದರೂ ಕೋಲು ತಾನಾಗಿ ಬಂದು ಕೂಡುವುದೆಂದೂ ರಾಯರು ಮೊದಲ ವಾರದಲ್ಲಿಯೇ ಅರಿತಿದ್ದರೆಂಬುದನ್ನು ನಾನು ಬಲ್ಲೆ. ನನಗೆ ಅದನ್ನು ಹೇಳಿದವರು ಅವರೇ.

‘ಮಾವಾ, ಇದೇನು, ಕೆಂಪಂದು?’

ರಾಯರು ಮುಚ್ಚಳವನ್ನು ಹುಡುಗನ ಕೈಯಿಂದ ಮೃದುವಾಗಿ ತೆಗೆದುಕೊಂಡು, ಸದ್ದಾಗದಂತೆ ಮುಚ್ಚಿ, ‘ಅದನ್ನ ಮುಟ್ಟಬ್ಯಾಡಪಾ’ ಎಂದರು. ‘ಹೋಗು, ಹಣತಿ ಹಚ್ಚಿಕೊಂಡು ಬಾ.’